ಮೂರು ಕರೆಂಟ್ ಸೈಕಲ್, ಒಂದು ಸೋಮಾರಿ ಎಡಗಾಲು

ನನಗೆ ಹುಟ್ಟಿನಿಂದ ಎಡಗಡೆ ಬಲ ಕಡಿಮೆ. ಮೆದುಳಿನ ತೊಂದರೆಯಿಂದ ಬರುವ ಸೆರೆಬ್ರಲ್ ಪಾಲ್ಸಿ, ಅದರಲ್ಲಿ ದೇಹದ ಒಂದು ಬದಿ ಮಾತ್ರ ಸೋಲುವ ಹೆಮಿಪ್ಲೀಜಿಯಾ. ಹಾಗಂತ ಸೈಕಲ್ ತುಳಿಯಲು ಬರುವುದಿಲ್ಲ ಅಂತಲ್ಲ. ಆದರೆ ಸೈಕಲ್‌ನಲ್ಲಿ ಒಂದು ಮೋಸ ಇದೆ. ಎರಡು ಪೆಡಲ್‌ಗೂ ಒಂದೇ ಅಚ್ಚು. ಬಲಗಾಲು ತುಳಿದರೆ ಎಡಗಾಲು ಸುಮ್ನೆ ಸವಾರಿ ಮಾಡುತ್ತದೆ. ನೋಡುವವರಿಗೆ ಎರಡೂ ದುಡಿದ ಹಾಗೆ ಕಾಣುತ್ತದೆ. ಹಾಗಾಗಿ ಮೂರು ತರಹದ ಕರೆಂಟ್ ಸೈಕಲ್ ಹತ್ತಿದಾಗಲೂ ನಾನು ಕೇಳಿಕೊಂಡದ್ದು ಒಂದೇ: ಇಲ್ಲಿ ತುಳಿಯುತ್ತಿರುವುದು ಯಾರು?

ಮೊದಲನೆಯದು ಮೋಟಾರ್ ಇರುವ ಪೆಡಲ್ ಯಂತ್ರ. ಕುರ್ಚಿಯಲ್ಲಿ ಕೂತು ಪಾದ ಕಟ್ಟಿಕೊಂಡರೆ ಅದೇ ತಿರುಗಿಸುತ್ತದೆ. ಬಿಗಿದ ಕಾಲು ಸ್ವಲ್ಪ ಹೊತ್ತು ಸಡಿಲವಾಗುತ್ತದೆ. ಸೆಳೆತ ಬಂದರೆ ನಿಂತು ಹಿಂದಕ್ಕೆ ತಿರುಗುತ್ತದೆ, ಅದು ಜಾಣತನವೇ. ಆದರೆ ನಾನು ಫೋನ್ ನೋಡುತ್ತಾ ಕೂತರೂ ಪೆಡಲ್ ತಿರುಗುತ್ತಲೇ ಇತ್ತು! ಒಂದು ಉಪಕಾರ ಮಾತ್ರ ಆಯಿತು. ನಾನೇ ತುಳಿದಾಗ ಪರದೆಯ ಮೇಲೆ ಎಡ-ಬಲದ ಪಾಲು ಬರುತ್ತದೆ. ಎಡಗಾಲಿನ ಪಾಲು ಕಾಲು ಭಾಗವೂ ಇಲ್ಲ ಅಂತ ಗೊತ್ತಾಗಿದ್ದು ಅಲ್ಲೇ.

ಎರಡನೆಯದು ಎಫ್‌ಇಎಸ್ (ಫಂಕ್ಷನಲ್ ಎಲೆಕ್ಟ್ರಿಕಲ್ ಸ್ಟಿಮ್ಯುಲೇಷನ್) ಸೈಕಲ್. ಇದರಲ್ಲಿ ಕರೆಂಟ್ ಹೋಗುವುದು ನೇರ ಸ್ನಾಯುವಿಗೆ. ತೊಡೆಯ ಮುಂದೆ, ಹಿಂದೆ ಪ್ಯಾಡ್ ಅಂಟಿಸುತ್ತಾರೆ. ಪೆಡಲ್ ಎಲ್ಲಿದೆ ಅಂತ ನೋಡಿಕೊಂಡು ಯಂತ್ರ ಮಿಡಿತ ಕಳಿಸುತ್ತದೆ, ಸಾಮಾನ್ಯವಾಗಿ ಸೆಕೆಂಡಿಗೆ 20ರಿಂದ 50. ಪೆಡಲ್ ಕೆಳಗೆ ಒತ್ತುವ ಹೊತ್ತಿಗೆ ತೊಡೆಯ ಮುಂಭಾಗಕ್ಕೆ, ಹಿಂದಕ್ಕೆ ಎಳೆಯುವ ಹೊತ್ತಿಗೆ ಹಿಂಭಾಗಕ್ಕೆ. 2016ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ನಡೆದ, ಅಂಗವೈಕಲ್ಯ ಇರುವವರು ಯಂತ್ರಗಳ ನೆರವಿನಿಂದ ಸ್ಪರ್ಧಿಸುವ ಸೈಬಥ್ಲಾನ್‌ನಲ್ಲಿ ಬೆನ್ನುಹುರಿಗೆ ಪೆಟ್ಟಾದವರು ಇಂಥ ಸೈಕಲ್‌ಗಳಲ್ಲೇ ರೇಸ್ ಮಾಡಿದ್ದರು. ಅಂಥ ಪೆಟ್ಟಾದ ಹಲವರಿಗೆ ಕಾಲಿನಲ್ಲಿ ಸ್ಪರ್ಶ ಇರುವುದಿಲ್ಲ. ನನಗೆ ಇದೆ, ಅದೇ ತೊಂದರೆ. ಮೊದಲ ದಿನ ಇರುವೆ ಗೂಡಿಗೆ ಕಾಲಿಟ್ಟ ಹಾಗಾಯಿತು. ಫಿಸಿಯೋ ಮೇಡಂ ದಿನಾ ಚೂರು ಚೂರು ಏರಿಸಿದರು. ಎರಡನೇ ವಾರದಲ್ಲಿ ಎಡತೊಡೆ ಕಲ್ಲಿನ ಹಾಗೆ ಗಟ್ಟಿಯಾಗಿದ್ದು ನನ್ನ ಕೈಗೇ ಸಿಕ್ಕಿತು. ಅದು ಅಷ್ಟು ಗಟ್ಟಿಯಾಗಿದ್ದು ನಾನು ಕಂಡಿರಲೇ ಇಲ್ಲ. "ಕರೆಂಟ್ ಬಂದಾಗ ನೀನೂ ಒತ್ತು, ಅದಕ್ಕೇ ಬಿಟ್ಟುಬಿಡಬೇಡ" ಅನ್ನುತ್ತಿದ್ದರು ಮೇಡಂ. ಒತ್ತಿದ ದಿನಕ್ಕೂ ಸುಮ್ಮನೆ ಕೂತ ದಿನಕ್ಕೂ ವ್ಯತ್ಯಾಸ ಜಾಸ್ತಿಯೇ ಇತ್ತು.

ಬೇಜಾರಿನ ವಿಷಯವೂ ಇದೆ. ಕಾಲು ಬೇಗ ಸೋಲುತ್ತದೆ, ಯಾಕೆಂದರೆ ಕರೆಂಟ್ ಸ್ನಾಯುವಿನ ಅವೇ ಎಳೆಗಳನ್ನು ಒಟ್ಟಿಗೆ, ಮತ್ತೆ ಮತ್ತೆ ಎಬ್ಬಿಸುತ್ತದೆ. ಪ್ಯಾಡ್ ಅಂಟಿಸಲು ತುಳಿದಷ್ಟೇ ಹೊತ್ತು ಬೇಕು. ಪೇಸ್‌ಮೇಕರ್ ಇದ್ದವರಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಮೂರ್ಛೆ ರೋಗ ಇದ್ದರೆ ಮೊದಲು ಡಾಕ್ಟರ್ ಹತ್ತಿರ ಮಾತಾಡಲೇಬೇಕು. ನಮ್ಮಂಥವರಲ್ಲಿ ಅದು ಅಪರೂಪವಲ್ಲ.

ಮೂರನೆಯದು ಬ್ಯಾಟರಿ ಟ್ರೈಸಿಕಲ್. ಖುಷಿಯ ಲೆಕ್ಕದಲ್ಲಿ ಇದರ ಹತ್ತಿರ ಯಾವುದೂ ಸುಳಿಯುವುದಿಲ್ಲ. ಬೀಳುವ ಭಯ ಕಡಿಮೆ, ಗಾಳಿ ಮುಖಕ್ಕೆ ಹೊಡೆಯುತ್ತದೆ, ಗೆಳೆಯರ ಜೊತೆ ಹೋಗಬಹುದು. ಎರಡೂ ಬ್ರೇಕನ್ನು ಒಂದೇ ಲಿವರ್‌ಗೆ ಕಟ್ಟಿಸಿ ಬಲಗೈಗೆ ತಂದುಕೊಂಡೆ. ಎಡಪಾದ ಜಾರದಂತೆ ಹಿಮ್ಮಡಿಗೂ ಪಟ್ಟಿ ಹಾಕಿಸಿದೆ. ಕೊಳ್ಳುವ ಮುಂಚೆ, ಮೋಟಾರ್ ಯಾವಾಗ ಸಹಾಯಕ್ಕೆ ಬರಬೇಕು ಅಂತ ಹೇಳುವ ಸೆನ್ಸರ್ ಯಾವ ತರಹದ್ದು ಅಂತ ವಿಚಾರಿಸಿ. ಪೆಡಲ್ ತಿರುಗುತ್ತಿದೆಯಾ ಅಂತ ಮಾತ್ರ ನೋಡುವ ಸೆನ್ಸರ್ ಇದ್ದರೆ ಕಾಲು ಎಷ್ಟು ಒತ್ತಿತು ಅನ್ನುವುದು ಅದಕ್ಕೆ ಬೇಕಿಲ್ಲ, ಸೋಮಾರಿಗೆ ಹಬ್ಬ. ಒತ್ತಡ ಅಳೆಯುವ ಸೆನ್ಸರ್ ವಾಸಿ. ಆದರೆ ಅವುಗಳಲ್ಲೂ ಕೆಲವು ಒಂದೇ ಬದಿಯ ಒತ್ತಡ ಅಳೆಯುತ್ತವೆ. ನಾನು ಮೊದಲು ಹತ್ತಿದ ಗಾಡಿ ಎಡಬದಿಯದನ್ನೇ ಅಳೆಯುತ್ತಿತ್ತು. ಬಲಗಾಲು ಎಷ್ಟೇ ಒದ್ದರೂ ಮೋಟಾರ್ ಏಳಲಿಲ್ಲ. ಅಂಗಡಿಯವರು ಗಾಡಿ ಕೆಟ್ಟಿದೆ ಅಂದುಕೊಂಡರು!

ಎಡಗಾಲಿಗೆ ಬಲ ಬರಲಿ ಅಂತಿದ್ದರೆ ನನ್ನ ಮತ ಎಫ್‌ಇಎಸ್‌ಗೆ. ವಾರಕ್ಕೆ ಮೂರು ದಿನ ಅದು, ಉಳಿದ ದಿನ ಟ್ರೈಸಿಕಲ್. ಮೋಟಾರ್ ಯಂತ್ರ ಬಿಟ್ಟೆ. ಟ್ರೈಸಿಕಲ್‌ನಲ್ಲಿ ಮೋಟಾರಿನ ಸಹಾಯ ಒಂದು ಹಂತ ಇಳಿಸಿ, "ಈಗ ಎಡ, ಈಗ ಎಡ" ಅಂತ ಎಣಿಸುತ್ತಾ ತುಳಿಯುತ್ತೇನೆ. ಹತ್ತು ಸುತ್ತು ಆಗುವಷ್ಟರಲ್ಲಿ ಬಲಗಾಲು ಮತ್ತೆ ಯಜಮಾನಿಕೆ ಶುರು ಮಾಡಿರುತ್ತದೆ.