ಮೊದಲ ಬಿಲ್ಲಿಗೆ ಸೀಳಿದ ಮರವೋ, ಅಂಗಡಿಯ ಹಲಗೆಯೋ?

ಕೈಯಿಂದ ಮೊದಲ ಸಲ ಬಿಲ್ಲು ಮಾಡಹೊರಟವರು ದಿಮ್ಮಿಯಿಂದ ಸೀಳಿದ ತುಂಡು, ಮರದಂಗಡಿಯ ಹಲಗೆ ಇವೆರಡರಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಸೀಳಿದ ತುಂಡಿನಲ್ಲಿ ಎಳೆಗಳು ತುದಿಯಿಂದ ತುದಿಗೆ ಕಡಿಯದೆ ಸಾಗುವುದರಿಂದ ಅದು ಸೆಳೆತವನ್ನು ಚೆನ್ನಾಗಿ ತಾಳುತ್ತದೆ. ಆದರೆ ಹಸಿ ಮರವಾದರೆ ಬಿರುಕು ಬಿಡದಂತೆ ಎರಡೂ ತುದಿಗಳಿಗೆ ಮೇಣ ಬಳಿದು ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಬೇಕು, ಗಂಟು ಮತ್ತು ತಿರುಚುಗಳನ್ನೂ ನಿಭಾಯಿಸಬೇಕು.

ಹಲಗೆ ಸಾಮಾನ್ಯವಾಗಿ ಒಣಗಿಯೇ ಬರುತ್ತದೆ. ಅದರ ಅಪಾಯವೆಲ್ಲ ಆಯ್ಕೆಯಲ್ಲಿದೆ: ಗುರಿಯತ್ತ ಇರುವ ಹೊರಮೈಯಲ್ಲಿ ಎಳೆಯ ಗೆರೆಗಳು ಅಂಚಿನತ್ತ ಓಡಿಹೋಗಿದ್ದರೆ, ಬಾಗಿಸಿದಾಗ ಅಲ್ಲಿಂದಲೇ ಚಕ್ಕೆ ಎದ್ದು ಬಿಲ್ಲು ಮುರಿಯಬಹುದು. ಹಿಕರಿ, ಆಶ್ ಅಥವಾ ಕೆಂಪು ಓಕ್‌ನ ಹತ್ತಾರು ಹಲಗೆಗಳನ್ನು ತಿರುವಿಹಾಕಿ, ಗೆರೆ ಪೂರ್ತಿ ನೇರವಾಗಿರುವುದನ್ನೇ ಹುಡುಕುವ ತಾಳ್ಮೆ ಇಲ್ಲಿ ಬೇಕು.

ನನ್ನ ಆಯ್ಕೆ ಹಲಗೆಯೇ. ಕಲಿಯಬೇಕಾದ ಮುಖ್ಯ ಕೆಲಸ ಎರಡರಲ್ಲೂ ಒಂದೇ: ಹೊರಮೈಯನ್ನು ಮುಟ್ಟದೆ, ಒಳಮೈಯನ್ನು ಅರದಿಂದ ಸ್ವಲ್ಪ ಸ್ವಲ್ಪವೇ ಸವೆಸಿ ಬಿಲ್ಲಿನ ಎರಡೂ ತೋಳುಗಳು (ಹಿಡಿಯ ಮೇಲಿನ ಮತ್ತು ಕೆಳಗಿನ ಭಾಗಗಳು) ಸಮನಾಗಿ ಬಾಗುವಂತೆ ಮಾಡುವುದು. ಸುಮಾರು 6 ಅಡಿ ಉದ್ದವಿಟ್ಟು, 30ರಿಂದ 35 ಪೌಂಡ್ ಸೆಳೆತಕ್ಕೆ (ಹೆದೆಯನ್ನು ಪೂರ್ತಿ ಎಳೆಯಲು ಬೇಕಾಗುವ ಬಲಕ್ಕೆ) ತೃಪ್ತರಾದರೆ, ಸಣ್ಣಪುಟ್ಟ ತಪ್ಪುಗಳನ್ನು ಆ ಬಿಲ್ಲು ಸಹಿಸಿಕೊಳ್ಳುತ್ತದೆ.