ಸುರಿಯದ ಮಳೆ ಹನ್ನೆರಡು ದಿನ: ಆರ್‌ನ ಆವರಣ, ಫಿಲ್ಟರ್ ಮತ್ತು ಪಾಂಡಾಸ್

ಕೋಷ್ಟಕದಿಂದ ಷರತ್ತಿಗೆ ಹೊಂದುವ ಸಾಲುಗಳನ್ನಷ್ಟೇ ಆರಿಸಲು ಮೂರು ದಾರಿ ಬಳಸಿ ನೋಡಿದೆ: ಅಂಕಿಅಂಶಗಳ ಪ್ರೋಗ್ರಾಮಿಂಗ್ ಭಾಷೆಯಾದ ಆರ್‌ನ ಚೌಕ ಆವರಣ [ ], ಅದೇ ಆರ್‌ಗೆ ಸೇರಿಸಿಕೊಳ್ಳುವ ಡಿಪ್ಲೈಯರ್ ಪ್ಯಾಕೇಜಿನ ಫಿಲ್ಟರ್, ಪೈಥಾನ್ ಭಾಷೆಯ ಪಾಂಡಾಸ್. ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಫಿಲ್ಟರ್‌ಗೆ. ಆರ್ ಭಾಷೆಯ ಚೌಕ ಆವರಣವನ್ನು ಆರು ವರ್ಷ ನಂಬಿ, ಒಂದು ದಿನ ತಲೆ ತಗ್ಗಿಸಿ ನಿಂತವನ ಮಾತು ಇದು.

ಮಲೆನಾಡಿನ ಒಂದು ಮಳೆಮಾಪನ ಕೇಂದ್ರದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನಗಳ ಕೋಷ್ಟಕ ಮುಂದಿತ್ತು. ದಿನಕ್ಕೆ 64.5 ಮಿಲಿಮೀಟರ್ ಮುಟ್ಟಿದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಭಾರಿ ಮಳೆ. ಆವರಣದೊಳಗೆ ‘ಮಳೆ >= 64.5’ ಎಂಬ ಷರತ್ತು ಹಾಕಿ ಸಾಲುಗಳನ್ನು ಎಣಿಸಿದೆ: 31. ವರದಿ ಕಳುಹಿಸಿಯೂ ಆಯಿತು. ಮರುದಿನ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು: “ಈ ಸಲ ಮಳೆಯೇ ಕಡಿಮೆಯಲ್ಲವೇನಪ್ಪಾ? 31 ಎಲ್ಲಿಂದ ತಂದೆ?”

ಸೋಸಿದ ಕೋಷ್ಟಕವನ್ನು ತೆರೆದು ನೋಡಿದರೆ 19 ಸಾಲು ಸರಿಯಾಗಿದ್ದವು. ಉಳಿದ 12ರಲ್ಲಿ ತುದಿಯಿಂದ ತುದಿಯವರೆಗೆ ಎನ್‌ಎ, ಅಂದರೆ ‘ಮೌಲ್ಯ ದಾಖಲಾಗಿಲ್ಲ’ ಎಂಬ ಗುರುತು. ಮಾಪಕ ಕೆಟ್ಟಿದ್ದ ದಿನಗಳು ಅವು. ದಾಖಲಾಗದ ಮಳೆ 64.5 ಮುಟ್ಟಿತೇ ಎಂದು ಕೇಳಿದರೆ ಆರ್ ಹೌದೂ ಅನ್ನುವುದಿಲ್ಲ, ಇಲ್ಲವೂ ಅನ್ನುವುದಿಲ್ಲ, ಎನ್‌ಎ ಅನ್ನುತ್ತದೆ. ಅದು ನ್ಯಾಯವೇ. ಆದರೆ ಆವರಣ ಆ ಎನ್‌ಎಗೂ ಒಂದೊಂದು ಸಾಲು ಕೊಡುತ್ತದೆ, ಕೊಡುವಾಗ ದಿನಾಂಕವನ್ನೂ ಅಳಿಸಿಹಾಕುತ್ತದೆ. ಸಾಲುಗಳ ಹೆಸರು ನೋಡಿದರೆ ಎನ್‌ಎ, ಎನ್‌ಎ.1, ಎನ್‌ಎ.2... ಮಾಪಕ ಯಾವ ದಿನ ಕೆಟ್ಟಿತ್ತೆಂದು ತಿಳಿಯಲು ಮತ್ತೆ ಮೂಲ ಕಡತಕ್ಕೇ ಹೋಗಬೇಕು. ‘ಹೌದು’ ಎಂದ ಸಾಲುಗಳ ಸಂಖ್ಯೆಯನ್ನಷ್ಟೇ ಕೊಡುವ ‘ವಿಚ್’ ಫಂಕ್ಷನ್ ಒಳಗೆ ಷರತ್ತನ್ನು ಇಟ್ಟರೆ ಈ ಕಾಟವಿಲ್ಲ, ನಿಜ. ಪ್ರತಿ ಸಲ ನೆನಪಿಟ್ಟು ಹಾಗೆ ಮಾಡುವ ಜಾಯಮಾನ ನನ್ನದಲ್ಲ.

ಫಿಲ್ಟರ್ ‘ಹೌದು’ ಎಂಬ ಉತ್ತರ ಬಂದ ಸಾಲನ್ನಷ್ಟೇ ಉಳಿಸುತ್ತದೆ: 19. ಷರತ್ತು ಒಂದಕ್ಕಿಂತ ಹೆಚ್ಚಿದ್ದರೆ ಅವುಗಳ ನಡುವೆ ‘ಮತ್ತು’ ಎಂಬರ್ಥದ & ಬದಲು ಅಲ್ಪವಿರಾಮ ಹಾಕಿದರೂ ನಡೆಯುತ್ತದೆ. ಪ್ಯಾಕೇಜನ್ನು ಕರೆಯಲು ಮರೆತರೆ ಮಾತ್ರ, ಕಾಲಸರಣಿಗೆಂದು ಆರ್‌ನಲ್ಲೇ ಇರುವ ಅದೇ ಹೆಸರಿನ ಇನ್ನೊಂದು ಫಿಲ್ಟರ್ ಎದ್ದು ಬಂದು ‘ಮಳೆ’ ಎಂಬುದೇ ಇಲ್ಲವೆಂದು ದೂರುತ್ತದೆ.

ಜೋಡಿ && ಮೂರರಲ್ಲಿ ಎಲ್ಲಿಯೂ ಬೇಡ. 2023ರ ಆರ್ 4.3 ಆವೃತ್ತಿಯಿಂದ ಇಡೀ ಕಾಲಂಗೆ ಅದನ್ನು ಬಳಸಿದರೆ ದೋಷವೆಂದು ನಿಂತೇಬಿಡುತ್ತದೆ.

ಪಾಂಡಾಸ್‌ನಲ್ಲಿ ಹೋಲಿಕೆಯ ಚಿಹ್ನೆಗಿಂತ & ಮೊದಲು ಕೆಲಸ ಮಾಡುವುದರಿಂದ ಪ್ರತಿ ಷರತ್ತಿಗೂ ಕಂಸ ಹಾಕಬೇಕು. ಅದನ್ನು ಸಹಿಸಿಕೊಂಡೆ. ನನ್ನನ್ನು ಹಿಂದಕ್ಕೆ ಓಡಿಸಿದ್ದು ಷರತ್ತಿನ ಉತ್ತರವನ್ನು ತಿರುಗಿಸುವ ~ ಚಿಹ್ನೆ. ದಶಮಾಂಶ ಕಾಲಂನ ಖಾಲಿ ಕೋಶವನ್ನು ಹೋಲಿಸಿದರೆ ಪಾಂಡಾಸ್ ನೇರವಾಗಿ ‘ಇಲ್ಲ’ ಅನ್ನುತ್ತದೆ. ಹಾಗಾಗಿ 19 ಸರಿಯಾಗಿಯೇ ಬಂತು. ಭಾರಿ ಮಳೆಯಲ್ಲದ ದಿನಗಳಿಗಾಗಿ ಅದೇ ಷರತ್ತಿನ ಮುಂದೆ ~ ಹಾಕಿದರೆ 103! ಮಾಪಕ ಕೆಟ್ಟ 12 ದಿನವೂ ಅದರೊಳಗೆ ನುಸುಳಿವೆ. ಫಿಲ್ಟರ್‌ನಲ್ಲಿ ಅದೇ ಕೆಲಸಕ್ಕಿರುವ ! ಹಾಕಿದರೆ 91, ಏಕೆಂದರೆ ಎನ್‌ಎಯನ್ನು ತಿರುಗಿಸಿದರೂ ಎನ್‌ಎಯೇ.

ಮೂರಕ್ಕೂ ಕಾಸು ಕೊಡಬೇಕಿಲ್ಲ, ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮೂರೂ ಓಡುತ್ತವೆ. ಫಿಲ್ಟರ್ ಆ 12 ದಿನಗಳನ್ನು ಸದ್ದಿಲ್ಲದೆ ನುಂಗುತ್ತದೆ ಎಂಬ ದೂರು ನನಗೂ ಇದೆ. ಅದಕ್ಕೇ ವರದಿ ಕಳುಹಿಸುವ ಮುನ್ನ ಈಗ ಕಾಗದದ ಮೇಲೆ 19ಕ್ಕೆ 91 ಕೂಡಿಸಿ, 122ಕ್ಕೆ ಎಷ್ಟು ಕಡಿಮೆ ಬಂತೆಂದು ಪಕ್ಕದಲ್ಲಿ ಬರೆದಿಡುತ್ತೇನೆ.