ರಬ್ಬರ್ ಕಾಲೋ, ಗರಿಯ ಕಾಲೋ: ನಾನು ಕಟ್ಟಿದ ಮೂರು ಜೇಡಗಳು

ಇಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಗಾಳದ ಅಂಗಡಿಗೆ ಹೋಗಿ ‘ಸ್ಪೈಡರ್’ ಕೊಡಿ ಅಂದರೆ ಜೇಡ ಸಿಗುವುದಿಲ್ಲ. ಕಿತ್ತಳೆ ರೇಷ್ಮೆ ದಾರದ ಮೈ, ಕೊರಳಿಗೆ ಎರಡು ಸುತ್ತು ಕೌಜುಗನ ಗರಿ, ಅಂಥ ಪುಟ್ಟ ಫ್ಲೈ, ಅಂದರೆ ಮೀನು ಹಿಡಿಯಲು ಕೊಕ್ಕೆಗೆ ದಾರ, ಗರಿ ಸುತ್ತಿ ಕಟ್ಟಿದ ನಕಲಿ ಹುಳು ಕೊಡುತ್ತಾರೆ. ಅದು ನೀರೊಳಗಿನ ಹುಳುವಿನ ನಕಲು, ಹೆಸರು ಮಾತ್ರ ಜೇಡದ್ದು.

ನನಗೆ ಬೇಕಿದ್ದಿದ್ದು ಎಂಟು ಕಾಲಿನದೇ. ವಾರ್ಫ್ ನದಿಯ ದಡದ ಮರಗಳಿಂದ ಗಾಳಿಗೆ ಏನೇನೋ ಉದುರುತ್ತಿರುತ್ತದೆ, ಕೆಳಗೆ ಟ್ರೌಟ್ ಮೀನು ಕಾಯುತ್ತಿರುತ್ತದೆ. ಹಾಗಾಗಿ ಈ ಬೇಸಿಗೆ ಮೂರು ಬಗೆ ಕಟ್ಟಿ ನೋಡಿದೆ, ಎಲ್ಲವೂ 12ನೇ ನಂಬರ್ ಕೊಕ್ಕೆಗೆ. ಮೊದಲನೆಯದಕ್ಕೆ ಕಾಲನ್ನು ಹೊಟ್ಟೆಗೆ ಕಟ್ಟಿಬಿಟ್ಟಿದ್ದೆ, ಥೇಟ್ ಜೀರುಂಡೆ! ಆಮೇಲೆ ಕಿಟಕಿ ಮೂಲೆಯ ಜೇಡವನ್ನು ಸರಿಯಾಗಿ ನೋಡಿದೆ. ಎಂಟೂ ಕಾಲು ಮುಂದಿನ ಸಣ್ಣ ತುಂಡಿನಿಂದಲೇ ಹೊರಡುತ್ತವೆ, ಹಿಂದಿನ ದಪ್ಪ ಹೊಟ್ಟೆಗೆ ಒಂದೂ ಇಲ್ಲ.

ಫೋಮ್ ಮೈ, ರಬ್ಬರ್ ಕಾಲಿನದು ಎಲ್ಲಕ್ಕಿಂತ ಸುಲಭ. 2 ಮಿ.ಮೀ. ಕಪ್ಪು ಫೋಮ್, ನಡುವೆ ದಾರ ಬಿಗಿದರೆ ಮೈ ಎರಡು ಭಾಗ, ಅಕ್ಕಪಕ್ಕ ನಾಲ್ಕು ನಾಲ್ಕು ಕಾಲು, ಒಂದು ಹನಿ ಅಂಟು, ಐದು ನಿಮಿಷದ ಕೆಲಸ. ದಾರವನ್ನು ತುಂಬಾ ಎಳೆದರೆ ಫೋಮ್ ಕುಯ್ದು ಹೋಗುತ್ತದೆ, ಅದೊಂದು ಹುಷಾರು. ಇನ್ನೊಂದು, ಫೋಮ್ ಅಗಲ ಮಾಡಬೇಡಿ. ನಾನು ಮಾಡಿದ್ದೆ. ಮೈಯೇ ಕೊಕ್ಕೆಯ ಬಾಯಿ ಮುಚ್ಚಿಕೊಂಡು, ಮೀನು ಮೂರು ಸಲ ಬಂದು ಕಚ್ಚಿದರೂ ಒಂದೂ ಸಿಕ್ಕಲಿಲ್ಲ. ಅಗಲವನ್ನು ಅರ್ಧಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಕಪ್ಪು ಮೈ ದೂರಕ್ಕೆ ಕಾಣುವುದೇ ಇಲ್ಲವಲ್ಲ, ಅದಕ್ಕೆ ಬೆನ್ನ ಮೇಲೆ ಕಿತ್ತಳೆ ಫೋಮ್ ಚೂರು ಇಟ್ಟೆ. ಅದು ನನಗೆ, ಮೀನು ನೋಡುವುದು ಕೆಳಗಿನಿಂದ.

ಫೆಸೆಂಟ್ ಹಕ್ಕಿಯ ಬಾಲದ ಗರಿಯ ಕಾಲು ಬೇರೆಯೇ ಕಥೆ. ಎರಡೆರಡು ಎಳೆ ಸೇರಿಸಿ ನಡುವೆ ಗಂಟು ಹಾಕಬೇಕು, ಆ ಗಂಟೇ ಮೊಣಕಾಲು. ಎಂಟು ಕಾಲಿಗೆ ಹದಿನಾರು ಎಳೆ. ಮೊದಲ ಸಂಜೆ ಒಂದು ಜೇಡಕ್ಕೆ ಮುಕ್ಕಾಲು ಗಂಟೆ ಹಿಡಿಯಿತು, ಅದರಲ್ಲಿ ಕಾಲು ಗಂಟೆ ನೆಲದ ಮೇಲೆ ಬಿದ್ದ ಎಳೆ ಹುಡುಕುವುದಕ್ಕೇ. ಹೊಟ್ಟೆಗೆ ಮೊಲದ ತುಪ್ಪಳ ಸುತ್ತಿದೆ. ಆದರೆ ನೀರಿಗೆ ಬಿಟ್ಟಾಗ ನೋಡಬೇಕು! ಫೋಮ್‌ನದು ದೋಣಿ ತರ ಮೇಲೆ ಕೂರುತ್ತದೆ. ಇದು ನೀರಿನ ಪೊರೆಯಲ್ಲೇ ಅರ್ಧ ಮುಳುಗಿ, ಕಾಲು ಚಾಚಿ, ನಿಜಕ್ಕೂ ಬಿದ್ದು ಒದ್ದಾಡಿ ಸುಸ್ತಾದ ಹಾಗೆ ಮಲಗುತ್ತದೆ. ನಿಂತ ಮಡುವಿನಲ್ಲಿ, ಫೋಮ್‌ನದನ್ನು ಮೂಸಿ ನೋಡಿ ವಾಪಸ್ ಹೋದ ಮೀನೇ ಇದನ್ನು ನುಂಗಿತು. ಅದೇ ಮೀನು ಅಂತ ಹೇಗೆ ಗೊತ್ತು ಅಂದರೆ, ಅದೇ ಕಲ್ಲಿನ ಪಕ್ಕ, ಹತ್ತು ನಿಮಿಷದ ಅಂತರ, ನಾನಂತೂ ನಂಬಿದ್ದೇನೆ. ಕೊರತೆಯೂ ಇದೆ. ಎರಡು ಮೀನು ಕಚ್ಚಿದರೆ ಎಂಟರಲ್ಲಿ ಐದು ಕಾಲು ಉಳಿದಿರುತ್ತದೆ, ತೇಲಲು ಮತ್ತೆ ಮತ್ತೆ ಫ್ಲೋಟಂಟ್ (ನೀರು ಹಿಡಿಯದಂತೆ ಹಚ್ಚುವ ಲೇಪ) ಹಚ್ಚಬೇಕು.

ಮೂರನೆಯದು ರೆಸಿನ್ ಮೈ, ಕಾಯಿಸಿ ಬಗ್ಗಿಸಿದ ನೈಲಾನ್ ಕಾಲು. ನೋಡಲು ಅದ್ಭುತ. ಅಡುಗೆಮನೆ ಮೇಜಿನ ಮೇಲಿಟ್ಟಿದ್ದಕ್ಕೆ ಹೆಂಡತಿ ಪೊರಕೆ ತಂದಳು. ನೀರಿಗೆ ಹಾಕಿದರೆ ಕಲ್ಲಿನ ಹಾಗೆ ಮುಳುಗಿತು, ಕಾಲು ಒಂಚೂರೂ ಅಲುಗಲಿಲ್ಲ, ಎಸೆಯುವಾಗ ಫ್ಯಾನ್ ತರ ಗಿರ್ರನೆ ತಿರುಗಿ ಟಿಪೆಟ್ಟನ್ನು, ಅಂದರೆ ಫ್ಲೈ ಕಟ್ಟುವ ತುದಿಯ ತೆಳು ದಾರವನ್ನು, ಹುರಿಗಟ್ಟಿಸಿತು. ಈಗ ಅದು ಕಪಾಟಿನಲ್ಲಿದೆ.

ರಭಸದ, ನೊರೆ ನೀರಿಗೆ ನಾನು ರಬ್ಬರ್ ಕಾಲಿನದನ್ನೇ ಕಟ್ಟುತ್ತೇನೆ. ಅಲ್ಲಿ ಮೀನಿಗೆ ಯೋಚಿಸಲು ಪುರುಸೊತ್ತಿಲ್ಲ, ಕಾಲು ನಡುಗಿದರೆ ಸಾಕು. ಮಡುವಿಗೆ ಗರಿಯದು. ಸೆಪ್ಟೆಂಬರ್ 30ಕ್ಕೆ ಇಲ್ಲಿ ಟ್ರೌಟ್ ಸೀಸನ್ ಮುಗಿಯುತ್ತದೆ, ಅಷ್ಟರೊಳಗೆ ತೆಳು ಫೋಮ್ ಹೊಟ್ಟೆಗೆ ಗರಿಯ ಕಾಲು ಕಟ್ಟಿ ನೋಡಬೇಕು. ಗಂಟು ಹಾಕಿದ ಎಳೆ ನಲವತ್ತು ರೆಡಿ ಇದೆ.